ಕಾರ್ನೆಲ್ ಗುಡ್ಡದ ಹಳೇ ಕತೆಗಳು

ಅಮೆರಿಕದ ಓದಿನ ಬಗ್ಗೆ ಬರೀರಿ ಅಂತ ಸಂಪಾದಕರು ಕೇಳಿದರು. ಲ್ಯಾಬು, ಥೀಸಿಸ್ಸು ಎಲ್ಲ ಕಡೆಯೂ ಒಂದೇ, ಅಲ್ವಾ? ನಾನು ಓದಿದ ಕಾರ್ನೆಲ್ ಯೂನಿವರ್ಸಿಟಿಯಲ್ಲಿ ನನಗೆ ಜಾಸ್ತಿ ಹಿಡಿಸಿದ್ದು ಲೈಬ್ರರಿಯಲ್ಲಿ ಓದಿಕೊಂಡ ಅಲ್ಲಿನ ಹಳೇ ಕಾಲದ ಕತೆಗಳು.

ನ್ಯೂಯಾರ್ಕ್ ರಾಜ್ಯದ ಇಥಾಕಾ ಊರು ಕೆಳಗೆ, ಯೂನಿವರ್ಸಿಟಿ ಗುಡ್ಡದ ಮೇಲೆ. ನನ್ನ ಬಾಡಿಗೆ ಕೋಣೆ ಊರೊಳಗಿತ್ತು. ಹಿಮ ಬಿದ್ದ ದಿನ ಬಫಲೋ ಸ್ಟ್ರೀಟ್ ಹತ್ತುವುದೆಂದರೆ ಒಂದು ಹೆಜ್ಜೆ ಮುಂದೆ, ಅರ್ಧ ಹೆಜ್ಜೆ ಹಿಂದೆ. ಕೈಗೆ ಸಿಕ್ಕ ಬೇಲಿ ಹಿಡಿದು ನಿಂತು, ಉಸಿರು ಬಿಟ್ಟು, ಮತ್ತೆ ಹತ್ತಬೇಕು. ನನಗಾದರೆ ಬಸ್ಸಿತ್ತು. 1870ರಲ್ಲಿ ಸೇರಿದ ಜೆನ್ನಿ ಸ್ಪೆನ್ಸರ್‌ಗೆ ಅದೂ ಇರಲಿಲ್ಲ. ಕಾರ್ನೆಲ್‌ಗೆ ಸೇರಿದ ಮೊದಲ ಹುಡುಗಿ ಅವಳು. ಗುಡ್ಡದ ಮೇಲೆ ಹುಡುಗಿಯರಿಗೆ ಇರಲು ಜಾಗವಿಲ್ಲದೆ ಊರಿನಿಂದಲೇ ಹತ್ತಿ ಇಳಿದು, ಚಳಿಗಾಲದಲ್ಲಿ ಸಾಕಾಗಿ ಬಿಟ್ಟುಬಿಟ್ಟಳು. ಯಾರು ಬೇಕಾದರೂ ಯಾವ ವಿಷಯವನ್ನಾದರೂ ಕಲಿಯುವಂತಿರಬೇಕು ಎಂದಿದ್ದರು ಸ್ಥಾಪಕ ಎಜ್ರಾ ಕಾರ್ನೆಲ್. ಮಾತೇನೋ ದೊಡ್ಡದು, ಮಲಗಲು ಮಾತ್ರ ಕೋಣೆಯಿಲ್ಲ! ಆಮೇಲೆ ಮರದ ವ್ಯಾಪಾರಿ ಹೆನ್ರಿ ಸೇಜ್ 2,50,000 ಡಾಲರ್ ಕೊಟ್ಟರು. 1875ರಲ್ಲಿ ಗುಡ್ಡದ ಮೇಲೆ ಹುಡುಗಿಯರು ಉಳಿದುಕೊಳ್ಳಲು ಸೇಜ್ ಕಾಲೇಜು ಎಂಬ ಕಟ್ಟಡ ತೆರೆಯಿತು.

ಜಾಗ ಸಿಕ್ಕಿತು, ಜೊತೆ ಸಿಗಲಿಲ್ಲ. ಶತಮಾನದ ಕೊನೆಗೆ ಚಳಿಗಾಲದ ‘ಜೂನಿಯರ್ ವೀಕ್’ ಅಲ್ಲಿನ ದೊಡ್ಡ ಸಂಭ್ರಮವಾಗಿತ್ತು. ದಿನಗಟ್ಟಲೆ ಪಾರ್ಟಿ, ಡ್ಯಾನ್ಸು. ಆದರೆ ಪಕ್ಕದ ಬೆಂಚಿನ ಹುಡುಗಿಯನ್ನು ಕುಣಿಯಲು ಕರೆದರೆ ಗೆಳೆಯರ ಮುಂದೆ ಮಾನ ಹೋಗುತ್ತದೆಂದು ಹುಡುಗರು ಪರವೂರಿನಿಂದ ಹುಡುಗಿಯರನ್ನು ಕರೆಸುತ್ತಿದ್ದರು. ಇದನ್ನು ಓದಿದಾಗ ನನಗೆ ನಿಜಕ್ಕೂ ಸಿಟ್ಟು ಬಂತು.

ಆಟದ ಕತೆ ನಗಿಸುವಂಥದ್ದು. 1873ರಲ್ಲಿ ಮಿಶಿಗನ್ ಯೂನಿವರ್ಸಿಟಿಯ ಹುಡುಗರು ಫುಟ್ಬಾಲಿಗೆ ಕರೆದರು. ಗಾಳಿ ತುಂಬಿದ ಚೀಲ ಅಲ್ಲಾಡಿಸಲು 30 ಜನರನ್ನು 400 ಮೈಲಿ ಕಳಿಸಲಾರೆ ಎಂದುಬಿಟ್ಟರು ಕಾರ್ನೆಲ್‌ನ ಅಧ್ಯಕ್ಷ ಆಂಡ್ರ್ಯೂ ವೈಟ್! ದೋಣಿ ಪಂದ್ಯಕ್ಕೆ ಮಾತ್ರ ಅಡ್ಡಿಯಿರಲಿಲ್ಲ. 1875ರಲ್ಲಿ ಸಾರಟೋಗಾದಲ್ಲಿ ಕಾರ್ನೆಲ್ ದೊಡ್ಡ ದೊಡ್ಡ ಕಾಲೇಜುಗಳನ್ನು ಹಿಂದೆ ಹಾಕಿತು.

ಎಲ್ಲ ತಮಾಷೆಯೂ ತಮಾಷೆಯಾಗಿ ಮುಗಿಯಲಿಲ್ಲ. 1894ರಲ್ಲಿ ಮೊದಲ ವರ್ಷದವರ ಔತಣಕೂಟ ಕೆಡಿಸಲು ಎರಡನೇ ವರ್ಷದವರು ಕ್ಲೋರಿನ್ ಅನಿಲ ಬಿಟ್ಟರು. ಅಡುಗೆಯ ಹೆಂಗಸೊಬ್ಬರು ಸತ್ತರು. ಯಾರಿಗೂ ಶಿಕ್ಷೆಯಾಗಲಿಲ್ಲ. ನಮ್ಮಲ್ಲೂ ರ‍್ಯಾಗಿಂಗನ್ನು ‘ಸುಮ್ನೆ ತಮಾಷೆಗೆ’ ಅನ್ನುವವರಿದ್ದಾರಲ್ಲ, ಅವರಿಗೆ ಇದನ್ನು ಹೇಳುತ್ತಿರುತ್ತೇನೆ.

ಇನ್ನು ಗಂಟೆಗಳು. 1868ರ ಅಕ್ಟೋಬರ್ 7ರಂದು ಯೂನಿವರ್ಸಿಟಿ ಶುರುವಾದಾಗ ಬರೀ ಹುಡುಗರು, 412 ಮಂದಿ. ಆವತ್ತು ಮೊಳಗಿದ 9 ಗಂಟೆಗಳನ್ನು ಕೊಟ್ಟಿದ್ದು ಮಾತ್ರ ಒಬ್ಬ ಹೆಣ್ಣುಮಗಳು, ಜೆನ್ನಿ ಮೆಗ್ರಾ. ಈಗ ಗಂಟೆಗಳು ಜಾಸ್ತಿಯಾಗಿವೆ. ಬಾರಿಸುವವರು ವಿದ್ಯಾರ್ಥಿಗಳೇ. ಒಂದು ದಿನ 161 ಮೆಟ್ಟಿಲು ಹತ್ತಿ ಗಂಟೆಗಳಿರುವ ಗೋಪುರಕ್ಕೆ ಹೋದೆ. ಒಬ್ಬ ಹುಡುಗಿ ನಿಂತುಕೊಂಡೇ ಮರದ ಹಿಡಿಗಳನ್ನು ಕೈಯಲ್ಲಿ ಅದುಮುತ್ತಾ, ಒಂದು ಕಾಲಲ್ಲಿ ಪೆಡಲ್ ಒತ್ತುತ್ತಾ ಬಾರಿಸುತ್ತಿದ್ದಳು. ಮುಗಿದ ಮೇಲೆ, ಯಾವುದಾದರೂ ಹಾಡು ಬೇಕಾ ಅಂತ ಕೇಳಿದಳು. ರಾಜ್‌ಕುಮಾರ್ ಹಾಡೊಂದನ್ನು ಗುನುಗಿದೆ. ಸ್ವರ ಬರೆದುಕೊಡಿ, ಬಾರಿಸ್ತೀನಿ ಅಂದಳು. ನನಗೋ ಸರಿಗಮದ ಗಂಧವೂ ಇಲ್ಲ.