ಕಂಬದ ಹಿಂದೆ ಓಡಿದವನು

ಮಂಗಳವಾರ ರಾತ್ರಿಯಿಂದ ಒಂದೇ ಒಂದು ಪದ ತಲೆಯಲ್ಲಿ ಕೂತುಬಿಟ್ಟಿದೆ. "ಹೀಲ್?" ಅಷ್ಟೇ. ಒಂದು ಪದ, ಪಕ್ಕದಲ್ಲೊಂದು ಪ್ರಶ್ನೆ ಗುರುತು. ಬೈದಿದ್ದರೆ ಅವತ್ತೇ ಮರೆತುಬಿಡುತ್ತಿದ್ದೆ. ಆಟದಲ್ಲಿ ಬೈಸಿಕೊಂಡು ಅಭ್ಯಾಸವಾಗಿದೆ. ಇದು ಬೈಗುಳ ಅಲ್ಲ, ಲೆಕ್ಕ ಕೇಳಿದ ಹಾಗೆ. ಕೊಡಬೇಕಾದ್ದು ಕೊಡಲಿಲ್ಲ, ಎಲ್ಲಿ ಅದು ಅಂತ.

ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಅನ್ನೋ ಆನ್‌ಲೈನ್ ಆಟದಲ್ಲಿ ನಾನು ಪ್ರೀಸ್ಟ್. ಹೊಡೆಯುವವನಲ್ಲ, ಹೊಡೆತ ತಿಂದವರನ್ನು ಉಳಿಸುವವನು. ಹೆಚ್ಚಾಗಿ ಆಡುವುದು ಅರೀನಾದ, ಅಂದರೆ ತಂಡಗಳು ಎದುರುಬದುರು ಹೊಡೆದಾಡುವ ಅಖಾಡದ, ಸೋಲೋ ಶಫಲ್. ರೇಟಿಂಗ್ ಇರುವ ಶಫಲ್ 2022ರ ಕೊನೆಯಲ್ಲಿ ಡ್ರ್ಯಾಗನ್‌ಫ್ಲೈಟ್ ಅನ್ನೋ ವಿಸ್ತರಣೆಯ ಜೊತೆ ಬಂದದ್ದು. ಗೊತ್ತಿಲ್ಲದ ಆರು ಜನ, ಆರು ಸುತ್ತು. ನಾಲ್ವರು ಹೊಡೆಯುವವರು, ಇಬ್ಬರು ಹೀಲರ್, ಅಂದರೆ ನನ್ನಂಥ ಉಳಿಸುವವರು. ಪ್ರತಿ ಸುತ್ತಿಗೂ ಜೋಡಿ ಬದಲಾಗುತ್ತದೆ. ಈ ಸುತ್ತಿನಲ್ಲಿ ನಾನು ಉಳಿಸಿದವನೇ ಮುಂದಿನ ಸುತ್ತಿನಲ್ಲಿ ನನ್ನ ಎದೆಗೆ ಕತ್ತಿ ಹಾಕುತ್ತಾನೆ. ಒಬ್ಬ ಸತ್ತರೆ ಸಾಕು, ಸುತ್ತು ಮುಗಿಯಿತು. ಬದಲಾಗದೇ ಇರುವುದು ಒಂದೇ. ಇಬ್ಬರು ಹೀಲರ್‌ಗಳು ಆರೂ ಸುತ್ತು ಎದುರುಬದುರು. ಎಂದೂ ಒಂದೇ ಕಡೆ ನಿಲ್ಲುವುದಿಲ್ಲ.

ಅವತ್ತು ನಾಗ್ರಾಂಡ್ ಅರೀನಾ ಬಂತು. 2007ರಲ್ಲಿ ಆಟಕ್ಕೆ ಅರೀನಾ ಅನ್ನೋದು ಬಂದಾಗಿನಿಂದ ಇರುವ ಅಖಾಡ. ಬಯಲಿನಂಥ ನೆಲ, ನಾಲ್ಕು ದೊಡ್ಡ ಕಂಬ. ಆ ಕಂಬಗಳೇ ಆಟದ ಜೀವ. ಕಂಬ ಅಡ್ಡ ಬಂದರೆ ಎದುರಾಳಿಯ ಮಂತ್ರ ತಾಗುವುದಿಲ್ಲ. ಹೀಲರ್‌ನ ಮಂತ್ರವೂ ತಾಗುವುದಿಲ್ಲ. ಈ ಎರಡನೇ ಮಾತನ್ನು ಹೊಡೆಯುವವರು ಎಷ್ಟು ಬೇಗ ಮರೀತಾರೆ ಅಂದ್ರೆ ನನಗೆ ಇವತ್ತಿಗೂ ಆಶ್ಚರ್ಯ.

ನಾಲ್ಕನೇ ಸುತ್ತು. ನನ್ನ ಕಡೆ ಒಬ್ಬ ರೋಗ್, ಒಬ್ಬ ವಾರಿಯರ್. ಎದುರಿಗೆ ಮೇಜ್, ಹಂಟರ್, ಅವರ ಹೀಲರ್ ಒಬ್ಬ ಡ್ರೂಯಿಡ್. ಮೇಜ್ ನನ್ನನ್ನು ಕುರಿ ಮಾಡಿದ. ಆಡಿದವರಿಗೆ ಗೊತ್ತು ಅದೇನು ಅಂತ. ಪರದೆಯ ಮೇಲೆ ನೀವೊಂದು ಪುಟ್ಟ ಕುರಿ. ನಾಲ್ಕು ಹೆಜ್ಜೆ ಆ ಕಡೆ, ನಾಲ್ಕು ಹೆಜ್ಜೆ ಈ ಕಡೆ ಅಡ್ಡಾಡುತ್ತೀರಿ. ಕೀ ಒತ್ತಿದರೆ ಏನೂ ಆಗುವುದಿಲ್ಲ. ಎಡಗಡೆ ಜೊತೆಗಾರನ ಜೀವ ತೋರಿಸುವ ಹಸಿರು ಪಟ್ಟಿ ಇಳಿಯುತ್ತಾ ಹೋಗುತ್ತದೆ. ಎಂಬತ್ತು. ಅರವತ್ತು. ನಲವತ್ತು. ನೋಡುತ್ತಾ ಇರಬೇಕು, ಅಷ್ಟೇ.

ಕುರಿಯಿಂದ ಬಿಡಿಸಿಕೊಂಡು ನಾನು ಓಡಿದೆ. ಪೇನ್ ಸಪ್ರೆಶನ್ ಅನ್ನೋ ಮಂತ್ರ ಕೈಯಲ್ಲಿತ್ತು. ಹಾಕಿದರೆ ಎಂಟು ಸೆಕೆಂಡ್ ಅವನಿಗೆ ಬೀಳುವ ಏಟು ಎಷ್ಟೋ ಕಡಿಮೆ. ಬೆರಳು ಆ ಕೀ ಮೇಲೇ ಇತ್ತು. ಆದರೆ ರೋಗ್ ಕಂಬದ ಆ ಕಡೆಗೆ ಓಡಿದ. ನಾನು ಸುತ್ತಿ ಬಂದೆ, ಅವನು ಇನ್ನೂ ಸುತ್ತಿದ. ನಾನು ಬಲಕ್ಕೆ ತಿರುಗಿದೆ, ಅವನು ಎಡಕ್ಕೆ ಹೋದ. ಕೀ ಒತ್ತಿದೆ, ಗುರಿ ಕಾಣಿಸುತ್ತಿಲ್ಲ ಅಂತ ಕೆಂಪು ಅಕ್ಷರ ಬಂತು. ಮತ್ತೆ ಒತ್ತಿದೆ, ಮತ್ತೆ ಅದೇ. ಒಂದು ಕ್ಷಣ ಅವನ ಭುಜ ಕಂಡಿತು. ಅಷ್ಟರಲ್ಲಿ ಬಿದ್ದ. ಚಾಟ್‌ನಲ್ಲಿ ಬರೆದ:

"ಹೀಲ್?"

ಮೊದಲು ನನ್ನ ಮೇಲೇ ಅನುಮಾನ ಬಂತು. ಬೆಂಗಳೂರಿನಿಂದ ಯುರೋಪಿನ ಸರ್ವರ್‌ಗೆ ನನ್ನ ಪಿಂಗ್ 150 ಮಿಲಿಸೆಕೆಂಡ್ ಆಸುಪಾಸು. ಬೇರೆಯವರಿಗಿಂತ ಒಂದು ಕಣ್ಣು ಮಿಟುಕಿನಷ್ಟು ತಡವಾಗಿಯೇ ನನಗೆ ಎಲ್ಲವೂ ಕಾಣುವುದು. ಆ ಭುಜ ಕಂಡ ಕ್ಷಣದಲ್ಲಿ ಇನ್ನೊಬ್ಬ ಹೀಲರ್ ಇದ್ದಿದ್ದರೆ ಉಳಿಸುತ್ತಿದ್ದನೇನೋ. ಐದು, ಆರನೇ ಸುತ್ತು ಹೇಗೆ ಆಡಿದೆನೋ ನೆನಪಿಲ್ಲ.

ಆಟ ಮುಗಿದ ಮೇಲೆ ಒಂದು ವಿಸ್ಪರ್, ಅಂದರೆ ಖಾಸಗಿ ಸಂದೇಶ, ಬಂತು. ಎದುರಿಗಿದ್ದ ಡ್ರೂಯಿಡ್. "ರೋಗ್ ನಿನ್ನನ್ನೂ ಕೇಳಿದನಾ?" ಅಂತ. ಹೌದು, ನಾಲ್ಕನೇ ಸುತ್ತಲ್ಲಿ, ಅಂದೆ. "ಎರಡನೇ ಸುತ್ತಲ್ಲಿ ನನ್ನನ್ನೂ ಕೇಳಿದ. ಅದೇ ಕಂಬ."

ಅದೇ ಕಂಬ. ಎರಡನೇ ಸುತ್ತು ನನಗೆ ಚೆನ್ನಾಗಿ ನೆನಪಿತ್ತು, ಯಾಕಂದ್ರೆ ಗೆದ್ದಿದ್ದೆ. ರೋಗ್ ಕಂಬ ಸುತ್ತುತ್ತಿದ್ದ, ಡ್ರೂಯಿಡ್ ಅವನ ಹಿಂದೆ ಓಡುತ್ತಿದ್ದ. ನಾನು ಸೀದಾ ಡ್ರೂಯಿಡ್ ಪಕ್ಕಕ್ಕೆ ಹೋಗಿ ಸೈಕಿಕ್ ಸ್ಕ್ರೀಮ್ ಹಾಕಿದ್ದೆ. ಅವನು ಹೆದರಿ ದಿಕ್ಕು ತಪ್ಪಿ ಓಡಿದ, ರೋಗ್ ಸತ್ತ. ಎಷ್ಟು ಖುಷಿಪಟ್ಟಿದ್ದೆ! ಆ ಖುಷಿಯ ಹೊತ್ತಿನಲ್ಲೇ ಆ ಕಡೆ ಒಬ್ಬ ಮನುಷ್ಯ ಈ ಪದ ಓದುತ್ತಾ ಕೂತಿದ್ದ. ಅದಕ್ಕೆ ಕಾರಣ ನಾನು. ಆದರೂ ಅವನು ಬಂದು ಮಾತಾಡಿಸಿದ. ಆರು ಸುತ್ತು ನನ್ನನ್ನು ಸೋಲಿಸಲು ನೋಡಿದವನಿಗೆ ಮಾತ್ರ ನನ್ನ ಕೆಲಸ ಏನು ಅಂತ ಗೊತ್ತಿತ್ತು. ಜೊತೆಗಿದ್ದವನಿಗೆ ಗೊತ್ತಿರಲಿಲ್ಲ.

ನಾನು ಅರೀನಾ ಕಲಿತದ್ದು 2010ರಲ್ಲಿ, ಮೈಸೂರಿನ ಹಾಸ್ಟೆಲ್ ರೂಮಿನಲ್ಲಿ. ನಾನು, ನನ್ನ ರೂಮ್‌ಮೇಟ್, ಇಬ್ಬರ ಟೀಮು. ಆಗ ಟೀಮ್ ಮಾಡಲು ಆಟದೊಳಗೆ ಚಾರ್ಟರ್ ಅನ್ನೋ ಪತ್ರ ಕೊಂಡು, ಸಹಿ ಹಾಕಿಸಿ, ಹೆಸರಿಟ್ಟು, ಬಾವುಟದ ಬಣ್ಣ ಆರಿಸಬೇಕಿತ್ತು. ವಾರಕ್ಕೆ ಹತ್ತು ಪಂದ್ಯವಾದರೂ ಆಡದಿದ್ದರೆ ಪಾಯಿಂಟ್ ಇಲ್ಲ. ಹಾಗಾಗಿ ಜಗಳವಾಡಿದ ವಾರವೂ ಒಟ್ಟಿಗೆ ಕೂರಲೇಬೇಕು. "ಕುರಿಯಾದೆ ಕಣೋ!" ಅಂತ ನಾನು ಕೂಗಿದರೆ ಸಾಕು, ಅವನು ಹೊಡೆಯುವುದು ಬಿಟ್ಟು ತನ್ನನ್ನು ತಾನು ಕಾಪಾಡಿಕೊಳ್ಳುತ್ತಿದ್ದ. "ಬಂದೆ, ಕಂಬ ಬಿಡು" ಅಂದರೆ ಬಿಡುತ್ತಿದ್ದ. ಈಗಿನ ಹುಡುಗರಿಗೆ ಅದು ಸಿಗುತ್ತಿಲ್ಲ ಅಂತ ನಿಜವಾಗಿ ಬೇಜಾರಾಗುತ್ತದೆ. ಹೊಡೆಯುವವರು ಕ್ಯೂನಲ್ಲಿ ಎಷ್ಟೋ ಹೊತ್ತು ಕಾಯುತ್ತಾರೆ, ಹೀಲರ್‌ಗೆ ತಕ್ಷಣ ಆಟ ಸಿಗುತ್ತದೆ. ಹೀಲರ್‌ಗಳೇ ಇಲ್ಲ. ಯಾಕಿಲ್ಲ ಅಂತ ಕೇಳುವವರಿಗೆ ನನ್ನ ಉತ್ತರ ಆ ಒಂದು ಪದ.

ಗುರುವಾರ ಅಕ್ಕ ಫೋನ್ ಮಾಡಿದಾಗ ಇದನ್ನೆಲ್ಲ ಹೇಳಿದೆ. ಅವಳು ಸ್ಟಾಫ್ ನರ್ಸ್. ಆಟದ ಗಂಧ ಗಾಳಿ ಇಲ್ಲ. ನನ್ನ ಪರ ಮಾತಾಡುತ್ತಾಳೆ ಅಂದುಕೊಂಡಿದ್ದೆ. ಪೂರ್ತಿ ಕೇಳಿ ಒಂದೇ ಪ್ರಶ್ನೆ ಕೇಳಿದಳು.

"ಅವನು ಕಂಬದ ಹಿಂದೆ ಯಾಕೋ ಹೋದ?"

ಏಟು ತಪ್ಪಿಸಿಕೊಳ್ಳೋಕೆ ಅಂದೆ.

"ಹೆದರಿದ್ದ ಅಲ್ವಾ? ಹೆದರಿದವರು ಹಂಗೇ ಕಣೋ. ವಾರ್ಡಲ್ಲಿ ದಿನಾ ನೋಡ್ತೀನಿ. ಎದೆ ನೋವು ಅಂತ ರಾತ್ರಿಯೆಲ್ಲಾ ಯಾರಿಗೂ ಹೇಳಿರಲ್ಲ. ಬೆಳಿಗ್ಗೆ ಬಂದು ನಮ್ಮನ್ನೇ ಕೇಳ್ತಾರೆ, ಏನ್ ಮಾಡ್ತಿದ್ರಿ ನೀವು ಅಂತ."

ನಿಂಗೆ ಸಿಟ್ಟು ಬರಲ್ವಾ ಅಂತ ಕೇಳಿದೆ. "ಬರುತ್ತೆ" ಅಂದಳು. ಆಮೇಲೆ ಅಮ್ಮನ ಮಾತ್ರೆ ವಿಷಯಕ್ಕೆ ಹೋದಳು.

ಫೋನ್ ಇಟ್ಟ ಮೇಲೆ ನನಗೆ ರೋಗ್ ನೆನಪಾಗಲಿಲ್ಲ. 2019 ನೆನಪಾಯಿತು. ಆ ವರ್ಷ ನನ್ನ ಕೆಲಸ ಹೋಗಿತ್ತು. ಎರಡು ತಿಂಗಳು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ದಿನಾ ಬೆಳಿಗ್ಗೆ ಬ್ಯಾಗ್ ಹಾಕಿಕೊಂಡು ಹೊರಡುತ್ತಿದ್ದೆ. ಪಾರ್ಕಿನ ಬೆಂಚು, ಲೈಬ್ರರಿ, ಸಂಜೆ ಆರಕ್ಕೆ ವಾಪಸ್. ಅಕ್ಕ ಆಗ ವಾರಕ್ಕೆರಡು ಸಲ ಫೋನ್ ಮಾಡುತ್ತಿದ್ದಳು, ನಾನು ಮೀಟಿಂಗ್‌ನಲ್ಲಿದ್ದೀನಿ ಅಂತ ಇಡುತ್ತಿದ್ದೆ. ಅವಳು ಬಲಕ್ಕೆ ಬಂದರೆ ನಾನು ಎಡಕ್ಕೆ. ಕೊನೆಗೆ ಬಾಡಿಗೆ ಕಟ್ಟಲು ದುಡ್ಡಿಲ್ಲದೆ ಎಲ್ಲ ಬಯಲಾದಾಗ ಅವಳ ಮೇಲೆಯೇ ರೇಗಿದೆ. "ನೀನಾದರೂ ಹೆಂಗಿದ್ದೀಯ ಅಂತ ಕೇಳಿದ್ಯಾ?" ಅಂದೆ. ಅವಳು ಕೇಳುತ್ತಲೇ ಇದ್ದಳು. ಆಗಲೂ ಏನೂ ಅನ್ನಲಿಲ್ಲ. ಆ ತಿಂಗಳ ಬಾಡಿಗೆ ಹಾಕಿದಳು.

ಆ ರೋಗ್ ಯಾವ ದೇಶದವನೋ, ಎಷ್ಟು ವಯಸ್ಸೋ ಗೊತ್ತಿಲ್ಲ. ಅವನಿಗೆ ಕಂಡದ್ದು ತನ್ನ ಪಟ್ಟಿ ಇಳಿಯುತ್ತಿರುವುದು ಮಾತ್ರ. ನಾನು ಅವನ ಬೆನ್ನ ಹಿಂದೆ ಓಡಿ ಬರುತ್ತಿದ್ದದ್ದು ಅವನಿಗೆ ಕಾಣುವಂತೆಯೇ ಇರಲಿಲ್ಲ. ಅವನು ಕೇಳಿದ್ದು ಸರಿ ಅಂತ ಈಗಲೂ ಅನ್ನಲಾರೆ. ಆದರೆ ಆ ಪದ ಮೊದಲಿನ ಹಾಗೆ ಲೆಕ್ಕ ಕೇಳಿದಂತೆ ಕೇಳಿಸುತ್ತಿಲ್ಲ. ಎಲ್ಲಿದ್ದೀಯ ಅಂತ ಕೇಳಿದ ಹಾಗೆ ಕೇಳಿಸುತ್ತಿದೆ.

ಶನಿವಾರ ರಾತ್ರಿ ಮತ್ತೆ ಕ್ಯೂ ಹಾಕಿದೆ. ಡ್ರೂಯಿಡ್ ಈಗ ಫ್ರೆಂಡ್ ಲಿಸ್ಟ್‌ನಲ್ಲಿದ್ದಾನೆ. ಅವನ ಹೆಸರಿನ ಪಕ್ಕ ಹಸಿರು ಚುಕ್ಕೆ ಇತ್ತು. ಬಾಗಿಲು ತೆರೆಯುವ ಮುಂಚೆ ಸ್ವಲ್ಪ ಸಮಯ ಕೊಡುತ್ತಾರಲ್ಲ, ಆಗ ಚಾಟ್‌ನಲ್ಲಿ ಬರೆದೆ. ಇಷ್ಟು ವರ್ಷದಲ್ಲಿ ಗೊತ್ತಿಲ್ಲದವರಿಗೆ ನಾನಾಗಿಯೇ ಬರೆದದ್ದು ಅದೇ ಮೊದಲು. "ನಾನು ಎಡಗಡೆ ಕಂಬದ ಹತ್ತಿರ ಇರ್ತೀನಿ. ಕಷ್ಟ ಬಂದರೆ ನನ್ನ ಕಡೆ ಓಡಿ ಬಾ."

ವಾರಿಯರ್ ಒಬ್ಬ "ಓಕೆ" ಅಂದ. ಬಾಗಿಲು ತೆರೆಯಿತು. ಆ ಸುತ್ತು ಸೋತೆವು. ಸಾಯುವಾಗ ಅವನು ನನ್ನಿಂದ ನಾಲ್ಕು ಹೆಜ್ಜೆ ದೂರದಲ್ಲಿದ್ದ.