ಅಜ್ಜಿಯ ಪೆಟ್ಟಿಗೆಯ ಕಾಗದಗಳು

ಮಳೆಗಾಲಕ್ಕೆ ಮುಂಚೆ ಉಡುಪಿ ಮನೆಯ ಅಟ್ಟ ಗುಡಿಸುವಾಗ ಅಜ್ಜಿಯ ತಗಡಿನ ಪೆಟ್ಟಿಗೆ ಸಿಕ್ಕಿತು. ಒಳಗೆ ತುಂಬಾ ಇನ್‌ಲ್ಯಾಂಡ್ ಕಾಗದಗಳು, ಬೊಂಬಾಯಿ ಹೋಟೆಲಿನಲ್ಲಿ ಕೆಲಸಕ್ಕಿದ್ದ ಮಾವ ಬರೆದದ್ದು. ಅಜ್ಜಿಗೆ ಓದಲು ಬರುತ್ತಿರಲಿಲ್ಲ. ಪೋಸ್ಟ್‌ಮ್ಯಾನೇ ಜಗಲಿಯಲ್ಲಿ ಕೂತು, ನೀರು ಬೆಲ್ಲ ತಗೊಂಡು, ನಿಧಾನ ಓದಿ ಹೇಳುತ್ತಿದ್ದರಂತೆ. ಸಾಲ, ಜಗಳ, ಎಲ್ಲ ಅವರಿಗೆ ಗೊತ್ತಿತ್ತು, ಆದರೆ ಒಂದು ಮಾತೂ ಜಗಲಿ ಇಳಿಯಲಿಲ್ಲ ಅಂತ ಅಮ್ಮ ಈಗಲೂ ಹೇಳುತ್ತಾರೆ.

ನಾನು ಈಚೆಗೆ ಸ್ಟಾಸಿ ಬಗ್ಗೆ ಓದುತ್ತಿದ್ದೆ, ಪೂರ್ವ ಜರ್ಮನಿಯ ಗುಪ್ತ ಪೊಲೀಸ್. 1950ರಲ್ಲಿ ಶುರುವಾದದ್ದು. 1957ರಿಂದ 1989ರವರೆಗೆ ಎರಿಕ್ ಮೀಲ್ಕೆ ಒಬ್ಬನದೇ ಯಜಮಾನಿಕೆ. ಅಲ್ಲಿ ಅಂಚೆಗೇ ಒಂದು ಬೇರೆ ವಿಭಾಗ. ಲಕೋಟೆಯ ಅಂಟನ್ನು ಹಬೆಯಲ್ಲಿ ಬಿಡಿಸಿ, ಓದಿ, ಬೇಕಾದ್ದನ್ನು ನಕಲು ತೆಗೆದು, ಮತ್ತೆ ಅಂಟಿಸಿ ಕಳಿಸುತ್ತಿದ್ದರು.

ಮೈಯ ವಾಸನೆಯನ್ನೂ ಬಿಡಲಿಲ್ಲ. ವಿಚಾರಣೆಗೆ ಕರೆದವರು ಕೂರುವ ಕುರ್ಚಿಯ ಮೇಲೆ ಒಂದು ಬಟ್ಟೆ ತುಂಡು ಇರುತ್ತಿತ್ತು. ಅವರು ಎದ್ದು ಹೋದ ಮೇಲೆ ಅದನ್ನು ಗಾಜಿನ ಜಾಡಿಗೆ ಹಾಕಿ, ಮುಚ್ಚಳ ಬಿಗಿದು, ಚೀಟಿ ಅಂಟಿಸುತ್ತಿದ್ದರು. ಮುಂದೆ ಎಲ್ಲಾದರೂ ಸರಕಾರದ ವಿರುದ್ಧ ಕರಪತ್ರ ಸಿಕ್ಕರೆ ನಾಯಿಗೆ ಮೂಸಿಸಿ ಪತ್ತೆ ಮಾಡುವುದಕ್ಕೆ. ಫೋಟೋ ನೋಡಿದೆ. ನಾವು ಮಿಡಿ ಉಪ್ಪಿನಕಾಯಿ ಹಾಕಿಡುವಂಥದ್ದೇ ಜಾಡಿ.

ಜಾಸ್ತಿ ಸಂಕಟ ಆದದ್ದು ಜನರ ಲೆಕ್ಕ ನೋಡಿದಾಗ. 1989ರಲ್ಲಿ ಸಂಬಳದ ನೌಕರರು ಸುಮಾರು 91,000, ಗುಟ್ಟಾಗಿ ಸುದ್ದಿ ಕೊಡುವವರು ಸುಮಾರು 1,89,000. ಇಡೀ ದೇಶದ ಜನಸಂಖ್ಯೆ 1.6 ಕೋಟಿ ಚಿಲ್ಲರೆ. ಪಕ್ಕದ ಮನೆಯವರು, ಜೊತೆಗೆ ಕೆಲಸ ಮಾಡುವವರು, ಯಾರೂ ಆಗಿರಬಹುದು. ಸರಕಾರವನ್ನು ಎದುರಿಸಿ ಜೈಲಿಗೂ ಹೋಗಿದ್ದ ವೇರಾ ವೋಲೆನ್‌ಬರ್ಗರ್ ಮೇಲೆ ವರದಿ ಕೊಡುತ್ತಿದ್ದವನ ಗುಪ್ತನಾಮ 'ಡೊನಾಲ್ಡ್'. ಬರ್ಲಿನ್ ಗೋಡೆ ಬಿದ್ದು ಆ ಸರಕಾರ ಕುಸಿದ ಮೇಲಷ್ಟೇ ಆಕೆಗೆ ಗೊತ್ತಾಯಿತು, ಅದು ತನ್ನ ಗಂಡ. ಅಷ್ಟು ವರ್ಷ ಒಂದೇ ಮನೆಯಲ್ಲಿ ಊಟ ಮಾಡಿದವನು! ಇದನ್ನು ಓದಿದ ದಿನ ನನಗೆ ಬೇರೆ ಏನೂ ಮಾಡಲಾಗಲಿಲ್ಲ.

ಕಡತಗಳನ್ನು ಸುಡುತ್ತಿದ್ದಾರೆ ಅನ್ನುವ ಗುಮಾನಿಯಲ್ಲಿ 1989ರ ಡಿಸೆಂಬರ್ 4ರಂದು ಎರ್ಫರ್ಟ್ ಊರಿನ ಹೆಂಗಸರು ಮುಂದೆ ನಿಂತು ಅಲ್ಲಿನ ಸ್ಟಾಸಿ ಕಚೇರಿಗೆ ನುಗ್ಗಿದರು. ಬರ್ಲಿನ್‌ನ ಮುಖ್ಯ ಕಚೇರಿಗೆ ಜನ ನುಗ್ಗಿದ್ದು ಮುಂದಿನ ಜನವರಿ 15ಕ್ಕೆ. ಉಳಿದ ಕಡತಗಳನ್ನು ಸಾಲಾಗಿ ಇಟ್ಟರೆ 111 ಕಿಲೋಮೀಟರ್, ಇಲ್ಲಿಂದ ಮಂಗಳೂರಿಗೆ ಹೋಗಿ ವಾಪಸ್ ಬರುವಷ್ಟು. ಹರಿದು ಹಾಕಿದ ಚೂರುಗಳದ್ದೇ ಸುಮಾರು 16,000 ಚೀಲ. 1992ರಿಂದ ಯಾರು ಬೇಕಾದರೂ ಅರ್ಜಿ ಕೊಟ್ಟು ತಮ್ಮ ಕಡತ ಓದಬಹುದು.

ಪೆಟ್ಟಿಗೆಯ ಒಂದು ಕಾಗದವನ್ನೂ ನಾನು ಬಿಡಿಸಿಲ್ಲ. ಮಾವ ಈಗ ಮಣಿಪಾಲದಲ್ಲಿ ಮಗನ ಮನೆಯಲ್ಲಿದ್ದಾರೆ. ಭಾನುವಾರ ಹೋಗಿ, ಓದಬಹುದಾ ಅಂತ ಅವರನ್ನೇ ಕೇಳುತ್ತೇನೆ.