ನೋಟ್ಸ್ ಎಲ್ಲ ಎಐಗೆ ಹಾಕಿಬಿಟ್ರೆ ಆಯ್ತಲ್ವಾ?

ಈ ಪ್ರಶ್ನೆ ಎರಡು ವೇಷದಲ್ಲಿ ಬರುತ್ತದೆ. "ನೋಟ್ಸ್‌ಗೆ ಯಾವ ಎಐ ಆಪ್ ಬೆಸ್ಟು?" ಅನ್ನುವುದು ಒಂದು. "ಇರೋ ನೋಟ್ಸ್ ಎಲ್ಲ ಎಐಗೆ ಹಾಕಿಬಿಟ್ರೆ ಆಯ್ತಲ್ವಾ, ಬೇಕಾದಾಗ ಕೇಳಿದ್ರಾಯ್ತು" ಅನ್ನುವುದು ಇನ್ನೊಂದು. ಎರಡಕ್ಕೂ ಬಾಯಲ್ಲಿ ಉತ್ತರ ಹೇಳಿ ಹೇಳಿ ಸಾಕಾಗಿದೆ. ಇನ್ನು ಮೇಲೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಆಪ್‌ನ ಪ್ರಶ್ನೆಗೆ ಉತ್ತರ ಚಿಕ್ಕದು, ಕೊನೆಯಲ್ಲಿದೆ. ನನಗೆ ಚುಚ್ಚುವುದು ಎರಡನೆಯದರಲ್ಲಿರುವ 'ಹಾಕಿಬಿಟ್ರೆ'. ಕ್ರಿಯಾಪದಕ್ಕೆ 'ಬಿಡು' ಸೇರಿತೆಂದರೆ ಆ ಕೆಲಸದಿಂದ ಕೈ ತೊಳೆದುಕೊಂಡೆವು ಎಂದೇ ಲೆಕ್ಕ: ಕೊಟ್ಟುಬಿಡು, ಎಸೆದುಬಿಡು, ಮರೆತುಬಿಡು. ಟಿಪ್ಪಣಿಗೆ ನಮ್ಮ ಭಾಷೆ ಇಟ್ಟಿರುವ ಪದವೇ ಬೇರೆ. ಕ್ಲಾಸಿನಲ್ಲಿ ಮೇಷ್ಟ್ರು "ಬರ್ಕೊಳ್ಳಿ" ಅನ್ನುತ್ತಾರೆಯೇ ಹೊರತು "ಬರೆದುಬಿಡಿ" ಅನ್ನುವುದಿಲ್ಲ. ಆ 'ಕೊಳ್ಳು' ಬಂದಿರುವುದು ಬರೆಯುವವರ ಸಲುವಾಗಿ. ತಿಳಿದುಕೊಳ್ಳು, ನೆನಪಿಟ್ಟುಕೊಳ್ಳು, ಅರ್ಥಮಾಡಿಕೊಳ್ಳು, ಎಲ್ಲವೂ ಅದೇ ಮನೆಯ ಪದಗಳು. ಎಐ ಬಂದಮೇಲೆ ಆ ಜಾಗದಲ್ಲಿ 'ಬಿಡು' ಕೂತಿದೆ. ನನ್ನ ತಕರಾರು ಇಷ್ಟೇ. ಎಐ ಬೇಡ ಎಂದು ನಾನು ಹೇಳುತ್ತಿಲ್ಲ, ದಯವಿಟ್ಟು ಹಾಗೆ ಊರೆಲ್ಲ ಹೇಳಬೇಡಿ.

ಬಿಟ್ಟರೆ ಏನಾಗುತ್ತದೆ, ಹತ್ತಿರದಿಂದ ನೋಡಿ. ಕೆಪಿಎಸ್‌ಸಿಗೆ ಓದುವವರ ನೋಟ್ಸಿನಲ್ಲಿ ಪಂಚಾಯತ್ ರಾಜ್ ಇದ್ದೇ ಇರುತ್ತದೆ. ಸಂವಿಧಾನದ 243ಡಿ ವಿಧಿಯ 3ನೇ ಖಂಡ ಹೇಳುವುದು ಹೀಗೆ: ಪಂಚಾಯತಿಯಲ್ಲಿ ನೇರ ಚುನಾವಣೆಯಿಂದ ತುಂಬುವ ಒಟ್ಟು ಸ್ಥಾನಗಳ ಪೈಕಿ, ಪರಿಶಿಷ್ಟ ಜಾತಿ ಮತ್ತು ಪಂಗಡದ ಮಹಿಳೆಯರಿಗೆ ಮೀಸಲಾದವೂ ಸೇರಿ, ಮೂರನೇ ಒಂದು ಭಾಗಕ್ಕೆ ಕಡಿಮೆಯಿಲ್ಲದಷ್ಟು ಮಹಿಳೆಯರಿಗೆ ಮೀಸಲು. ಇದಿರುವ ಉದ್ದದ ಪಿಡಿಎಫ್ ಕೊಟ್ಟು "ಸಾರಾಂಶ ಮಾಡು" ಅಂದರೆ ಸುಲಭವಾಗಿ ಬಂದು ಕೂರುವ ಸಾಲು 'ಪಂಚಾಯತಿಗಳಲ್ಲಿ ಮಹಿಳೆಯರಿಗೆ ಶೇ 33 ಮೀಸಲಾತಿ'. ಪೂರ್ತಿ ತಪ್ಪು ಅನ್ನಲಾಗದು. ಆದರೆ 'ಕಡಿಮೆಯಿಲ್ಲದಷ್ಟು' ಹೋಯಿತು. ಅದು ಹೋದಮೇಲೆ, 2010ರಲ್ಲಿ ಕರ್ನಾಟಕ ತನ್ನ ಕಾಯ್ದೆಗೆ ತಿದ್ದುಪಡಿ ತಂದು ಅದನ್ನು ಶೇ 50 ಮಾಡಲು ಹೇಗೆ ಸಾಧ್ಯವಾಯಿತು ಎಂದು ಕೇಳಿದರೆ ಆ ನೋಟ್ಸ್ ಬಾಯಿ ಬಿಡುವುದಿಲ್ಲ. 'ನೇರ ಚುನಾವಣೆ' ಹೋಯಿತು, 'ಸೇರಿ' ಅನ್ನುವುದೂ ಹೋಯಿತು. ಸಾರಾಂಶದಲ್ಲಿ ಮೊದಲು ಉದುರುವುದು ಇಂಥ ಸಣ್ಣ ಪದಗಳೇ: ಕನಿಷ್ಠ, ಮಾತ್ರ, ಹೊರತುಪಡಿಸಿ, ಸೇರಿದಂತೆ. ಪರೀಕ್ಷೆಯಲ್ಲಿ ಪ್ರಶ್ನೆ ಹುಟ್ಟುವುದೂ ಅಲ್ಲಿಂದಲೇ. ಎರಡು ತಿಂಗಳ ನಂತರ ಮೂಲ ಪಿಡಿಎಫ್ ಯಾರೂ ತೆರೆಯುವುದಿಲ್ಲ, ಓದುವುದು ಆ ಒಂದು ಸಾಲನ್ನು.

ಹಾಗಾದರೆ ಯಂತ್ರದಿಂದ ಉಪಯೋಗ ಎಲ್ಲಿ? ಹುಡುಕುವುದರಲ್ಲಿ. ಕನ್ನಡದಲ್ಲಿ ಬರೆದುಕೊಳ್ಳುವವರಿಗಂತೂ ಇದು ದೊಡ್ಡ ಉಪಕಾರ. ಮಾಮೂಲಿ ಹುಡುಕಾಟ ಅಕ್ಷರಕ್ಕೆ ಅಕ್ಷರ ತಾಳೆ ನೋಡುತ್ತದೆ. 'ನೀರು' ಎಂದು ಹುಡುಕಿದರೆ 'ನೀರಿನ ಮಟ್ಟ' ಎಂದು ಬರೆದ ಟಿಪ್ಪಣಿ ಸಿಗುವುದಿಲ್ಲ, ವಿಭಕ್ತಿ ಹತ್ತಿದಾಗ 'ರು' ಹೋಗಿ 'ರಿ' ಆಗಿರುತ್ತದೆ. ಕಾಡು ಹುಡುಕಿದರೆ ಕಾಡಿನಲ್ಲಿ ಇಲ್ಲ, ಕಾಲು ಹುಡುಕಿದರೆ ಕಾಲಿಗೆ ಇಲ್ಲ. ಕೊನೆಯ ಕೊಂಬು ತೆಗೆದು 'ನೀರ' ಎಂದು ಹಾಕಿದರೆ ಬಹುತೇಕ ಎಡಿಟರ್‌ಗಳಲ್ಲಿ ಎರಡೂ ಸಿಗುತ್ತವೆ, ಇದು ಎಐ ಇಲ್ಲದೆಯೇ ಆಗುವ ಕೆಲಸ. ಇನ್ನೊಂದು ಕಾಟ, ಕಣ್ಣಿಗೆ ಕಾಣದ ಝೀರೋ ವಿಡ್ತ್ ನಾನ್ ಜಾಯ್ನರ್. 'ಸಾಫ್ಟ್‌ವೇರ್' ಬರೆಯುವಾಗ 'ವೇ' ಒತ್ತಕ್ಷರವಾಗಿ ಕೆಳಗಿಳಿಯದಂತೆ ನಡುವೆ ತಡೆಯುವುದು ಅದು. ಒಂದು ಕಡೆ ಅದು ಇದ್ದು, ಇನ್ನೊಂದು ಕಡೆ ಅದರ ಬದಲು ಸ್ಪೇಸ್ ಕೊಟ್ಟಿದ್ದರೆ, ನಿಮ್ಮ ಕಣ್ಣಿಗೆ ಒಂದೇ ಪದ, ಕಂಪ್ಯೂಟರಿಗೆ ಎರಡು.

ಅರ್ಥದ ಮೇಲೆ ಹುಡುಕುವ ಎಂಬೆಡಿಂಗ್ ಇದನ್ನೆಲ್ಲ ದಾಟುತ್ತದೆ. ಅದು ಟಿಪ್ಪಣಿಯನ್ನು ತುಂಡು ಮಾಡಿ, ಪ್ರತಿ ತುಂಡನ್ನೂ ಸಂಖ್ಯೆಗಳ ಒಂದು ಸಾಲಾಗಿ ಬದಲಿಸಿ, ನಿಮ್ಮ ಪ್ರಶ್ನೆಯ ಸಾಲಿಗೆ ಹತ್ತಿರ ಇರುವ ತುಂಡುಗಳನ್ನು ತಂದುಕೊಡುತ್ತದೆ. ಆದರೆ ಎಂಬೆಡಿಂಗ್ ಮಾಡೆಲ್‌ಗಳಲ್ಲಿ ಹಲವು ಇಂಗ್ಲಿಷ್ ಮಾತ್ರ ಕಲಿತವು. ನಿಮ್ಮ ಟಿಪ್ಪಣಿಯ ಆಪ್‌ಗೆ ಇಂಥ ಹುಡುಕಾಟದ ಪ್ಲಗಿನ್ ಹಾಕಿಕೊಂಡ ತಕ್ಷಣ ಒಂದು ಪರೀಕ್ಷೆ ಮಾಡಿ: ಒಂದು ಟಿಪ್ಪಣಿಯಲ್ಲಿ 'ತೋಟದ ಬೋರ್‌ವೆಲ್ ಬತ್ತಿದೆ' ಎಂದಷ್ಟೇ ಬರೆದು, ಇನ್ನೊಂದು ಹತ್ತು ಸಂಬಂಧವಿಲ್ಲದ ಟಿಪ್ಪಣಿಗಳ ನಡುವೆ ಇಟ್ಟು, 'ನೀರಿನ ಅಭಾವ' ಎಂದು ಹುಡುಕಿ. ಮೊದಲ ಮೂರರಲ್ಲಿ ಅದು ಬರದಿದ್ದರೆ ಮಾಡೆಲ್ ಬದಲಿಸಿ. ಬಹುಭಾಷೆಯ ಬಿಜಿಇ-ಎಂ3 ಥರದ್ದು ಬೇಕು.

ಇದಕ್ಕೂ ಎರಡು ಕಡೆ ಕಾಲು ಜಾರುತ್ತದೆ. "ಈ ವರ್ಷ ಗೊಬ್ಬರಕ್ಕೆ ಒಟ್ಟು ಎಷ್ಟಾಯ್ತು?" ಅಂದರೆ ಅದು ಹತ್ತಿರದ ಐದೋ ಹತ್ತೋ ತುಂಡು ಎತ್ತಿಕೊಂಡು ಅಷ್ಟನ್ನೇ ಕೂಡುತ್ತದೆ, ಉಳಿದದ್ದನ್ನು ನೋಡಿಯೇ ಇರುವುದಿಲ್ಲ. ಕೂಡುವ ಲೆಕ್ಕ ಸ್ಪ್ರೆಡ್‌ಶೀಟಿನಲ್ಲಿರಲಿ. ಎರಡನೆಯದು ನಮ್ಮದೇ ತಪ್ಪು. 'ಅವರು ಅದು ಆಗಲ್ಲ ಅಂದರು' ಎಂದು ಬರೆದಿರುತ್ತೇವೆ. ಶೀರ್ಷಿಕೆಯಿಂದ ಕತ್ತರಿಸಿಕೊಂಡು ಬಂದ ತುಂಡಿನಲ್ಲಿ ಅವರು ಯಾರು, ಅದು ಯಾವುದು, ಯಾವಾಗ ಅಂದರು, ಯಾರಿಗೂ ಗೊತ್ತಾಗದು. ಪ್ರತಿ ಪ್ಯಾರಾದಲ್ಲೂ ಸರ್ವನಾಮದ ಬದಲು ಹೆಸರು ಬರೆಯಿರಿ, ದಿನಾಂಕ ಹಾಕಿ. ಓದಲು ಸ್ವಲ್ಪ ಒರಟು, ಹುಡುಕಲು ಚೊಕ್ಕ.

ಇಷ್ಟು ವರ್ಷದ ನೋಟ್ಸನ್ನು ಒಂದೇ ಸಲ ಚಾಟ್‌ಗೆ ಸುರಿಯುತ್ತೇವೆ ಅನ್ನುವವರಿಗೆ ಒಂದು ಲೆಕ್ಕ. 'ಕನ್ನಡ' ನಮಗೆ ಮೂರಕ್ಷರ. ಕಂಪ್ಯೂಟರಿನಲ್ಲಿ ಅಕ್ಷರಗಳಿಗೆ ಸಂಕೇತ ಕೊಡುವ ಯೂನಿಕೋಡಿನಲ್ಲಿ ಕ, ನ, ಅರ್ಧಾಕ್ಷರದ ಚಿಹ್ನೆ, ನ, ಡ ಎಂದು ಐದು ಸಂಕೇತ, ಅವನ್ನು ಫೈಲಿನಲ್ಲಿ ಇಡುವ ಯುಟಿಎಫ್-8 ರೀತಿಯಲ್ಲಿ 15 ಬೈಟ್. ಅದೇ ಅರ್ಥದ ಇಂಗ್ಲಿಷ್ ಬರಹಕ್ಕಿಂತ ಕನ್ನಡ ಸಾಮಾನ್ಯವಾಗಿ ಹೆಚ್ಚು ಟೋಕನ್ (ಎಐ ಬರಹವನ್ನು ಒಡೆದು ಎಣಿಸುವ ತುಣುಕು) ತಿನ್ನುತ್ತದೆ, ಚಾಟ್ ಒಂದು ಸಲಕ್ಕೆ ಓದಬಲ್ಲ ಮಿತಿ ಬೇಗ ಮುಟ್ಟುತ್ತದೆ. ಬೇಕಾದ ನಾಲ್ಕು ಟಿಪ್ಪಣಿ ಹುಡುಕಿ ಕೊಟ್ಟರೆ ಉತ್ತರವೂ ಗಟ್ಟಿ, ಖರ್ಚೂ ಕಡಿಮೆ.

ಇಷ್ಟೆಲ್ಲ ಕೇಳುವವರಲ್ಲಿ ಒಬ್ಬರಾದರೂ ಇದನ್ನು ಕೇಳಲಿ ಎಂದು ನಾನು ಕಾಯುತ್ತಿದ್ದೇನೆ: "ಆರು ತಿಂಗಳಾದ ಮೇಲೆ ಈ ಸಾಲು ನನ್ನದೋ, ಪುಸ್ತಕದ್ದೋ, ಯಂತ್ರದ್ದೋ ಅಂತ ಹೇಗೆ ಗೊತ್ತಾಗುತ್ತೆ?" ಗೊತ್ತಾಗುವುದಿಲ್ಲ. ಅದೇ ಅಪಾಯ. ಯಂತ್ರ ಬರೆದ ಸಾರಾಂಶವನ್ನು ನೋಟ್ಸ್ ಫೋಲ್ಡರಿನಲ್ಲೇ ಇಟ್ಟಿರುತ್ತೀರಿ. ಮುಂದಿನ ಸಲ ಪ್ರಶ್ನೆ ಕೇಳಿದಾಗ ಯಂತ್ರ ಅದೇ ಫೋಲ್ಡರಿನಿಂದ ತಾನೇ ಬರೆದ ಸಾಲನ್ನು ಎತ್ತಿ, 'ನಿಮ್ಮ ಟಿಪ್ಪಣಿಯ ಪ್ರಕಾರ' ಎಂದು ನಿಮ್ಮ ಹೆಸರಿನಲ್ಲೇ ಸಾಕ್ಷಿ ಹೇಳುತ್ತದೆ. ಶೇ 33ರ ಸಾಲು ಹೀಗೆ ಎರಡು ಸುತ್ತು ಹೊಡೆದರೆ ಅದನ್ನು ಅಲ್ಲಾಡಿಸುವುದು ಕಷ್ಟ. ಕನ್ನಡ ಸಾಹಿತ್ಯ ಪರಿಷತ್ತಿನ 8 ಸಂಪುಟಗಳ ನಿಘಂಟನ್ನು ಒಮ್ಮೆ ತೆರೆದು ನೋಡಿ. ಅರ್ಥದ ಜೊತೆಗೆ ಪ್ರಯೋಗ ಇದೆ, ಪ್ರಯೋಗದ ಪಕ್ಕ ಅದು ಯಾವ ಕಾವ್ಯದ್ದು, ಯಾವ ಶಾಸನದ್ದು ಎಂಬ ಆಕರ ಇದೆ. ಆ ಗುರುತು ಕಿತ್ತುಹಾಕಿದರೆ ಸಂಪಾದಕರ ಊಹೆ ಯಾವುದು, ಕವಿಯ ಮಾತು ಯಾವುದು ಎಂದು ಬೇರೆ ಮಾಡಲಾಗುತ್ತಿತ್ತೇ?

ಮಾಡಬೇಕಾದ್ದು ಇಷ್ಟು. ಮೂರು ಫೋಲ್ಡರ್: 'ಆಕರ', 'ನನ್ನದು', 'ಯಂತ್ರ'. ಆಕರದಲ್ಲಿ ಮೂಲ ಪಿಡಿಎಫ್, ಫೋಟೋ, ಆಡಿಯೋ, ಯಾವುದನ್ನೂ ತಿದ್ದಬಾರದು. ಯಂತ್ರ ಬರೆದದ್ದೆಲ್ಲ ಮೂರನೆಯದಕ್ಕೆ, ಹುಡುಕಾಟದ ಸೆಟ್ಟಿಂಗ್‌ನಲ್ಲಿ ಆ ಫೋಲ್ಡರನ್ನು ಹೊರಗಿಡಿ, ತಿಂಗಳಿಗೊಮ್ಮೆ ಖಾಲಿ ಮಾಡಿ. ಅಲ್ಲಿಂದ ಏನಾದರೂ 'ನನ್ನದು' ಆಗಬೇಕಾದರೆ ಕಾಪಿ ಪೇಸ್ಟ್ ಕೂಡದು, ಆಕರ ನೋಡಿ ನಿಮ್ಮ ಮಾತಿನಲ್ಲಿ ಟೈಪ್ ಮಾಡಿ. ಜರ್ಮನಿಯ ಸಮಾಜಶಾಸ್ತ್ರಜ್ಞ ನಿಕ್ಲಾಸ್ ಲೂಮನ್‌ರ ಸುಮಾರು 90,000 ಟಿಪ್ಪಣಿ ಚೀಟಿಗಳ ಹೆಸರು ಎಲ್ಲರೂ ಹೇಳುತ್ತಾರೆ. ಅವರೂ ಪುಸ್ತಕದ ವಿವರದ ಚೀಟಿಗಳನ್ನು ತಮ್ಮ ವಿಚಾರದ ಚೀಟಿಗಳಿಂದ ಬೇರೆ ಇಟ್ಟಿದ್ದರು ಎಂಬುದನ್ನು ಯಾಕೋ ಬಿಟ್ಟೇ ಹೇಳುತ್ತಾರೆ.

'ನನ್ನದು' ಒಳಗಿನ ಒಂದು ಟಿಪ್ಪಣಿ ಹೀಗಿದ್ದರೆ ಸಾಕು:

"14 ಮಾರ್ಚ್ 2025. ಆಕರ: ಸಂವಿಧಾನ 243ಡಿ(3). ಪಂಚಾಯತ್ ಮಹಿಳಾ ಮೀಸಲು ಕನಿಷ್ಠ 1/3. ಗರಿಷ್ಠ ಎಷ್ಟೆಂದು ಹೇಳಿಲ್ಲ, ಅದಕ್ಕೇ ರಾಜ್ಯ 1/2ಕ್ಕೆ ಹೋಗಬಹುದಾಯಿತು. ಅನುಮಾನ: ಅಧ್ಯಕ್ಷ ಸ್ಥಾನಕ್ಕೂ ಇದೇ ಲೆಕ್ಕವೇ? 243ಡಿ(4) ನೋಡಬೇಕು."

ಈ 'ಅನುಮಾನ' ಅನ್ನುವ ಸಾಲು ಯಂತ್ರ ತಾನಾಗಿ ಬರೆಯುವುದಿಲ್ಲ, ಬರೆದರೂ ಅದು ನಿಮ್ಮ ಅನುಮಾನವಲ್ಲ. ಟಿಪ್ಪಣಿಯಲ್ಲಿ ನಾನು ಅತಿ ಹೆಚ್ಚು ಬೆಲೆ ಕೊಡುವುದು ಆ ಸಾಲಿಗೆ.

ಇಷ್ಟು ಬರೆದಾದ ಮೇಲೆ ಯಂತ್ರವನ್ನು ಕರೆಯಿರಿ, ಮೊದಲಲ್ಲ. ಹೀಗೆ ಹೇಳಿ: "ನನ್ನ ಟಿಪ್ಪಣಿಯನ್ನು ಈ ಆಕರದ ಜೊತೆ ಹೋಲಿಸು. ಆಕರದಲ್ಲಿದ್ದು ನಾನು ಬಿಟ್ಟಿರುವ ಷರತ್ತು, ವಿನಾಯಿತಿ, ಸಂಖ್ಯೆಗಳನ್ನು ಆಕರದ ಸಾಲನ್ನೇ ಉದ್ಧರಿಸಿ ತೋರಿಸು. ಬಿಟ್ಟಿಲ್ಲವಾದರೆ ಇಲ್ಲ ಅನ್ನು." ಅದು ತೋರಿಸಿದ ಸಾಲಿನಿಂದ ಮೂರು ನಾಲ್ಕು ಪದ ಕಾಪಿ ಮಾಡಿ ಮೂಲದಲ್ಲಿ ಕಂಟ್ರೋಲ್ ಎಫ್ ಹೊಡೆಯಿರಿ. ಸಿಗದಿದ್ದರೆ ಕಣ್ಣಿಂದ ಒಮ್ಮೆ ನೋಡಿ, ಆಗಲೂ ಇಲ್ಲವಾದರೆ ಅದು ಹುಟ್ಟಿಸಿದ ಸಾಲು, ತೆಗೆದುಹಾಕಿ. ಓದುವ ಮಕ್ಕಳಿಗೆ ಇನ್ನೊಂದು: "ಈ ಟಿಪ್ಪಣಿಯಿಂದ ಐದು ಪ್ರಶ್ನೆ ಒಂದೊಂದಾಗಿ ಕೇಳು, ನಾನು ಉತ್ತರ ಬರೆಯುವವರೆಗೆ ನೀನು ಹೇಳಬೇಡ." ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕಿ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಪಾಠವನ್ನು ಮತ್ತೆ ಮತ್ತೆ ಓದಿದವರು ಐದು ನಿಮಿಷದ ನಂತರದ ಪರೀಕ್ಷೆಯಲ್ಲಿ ಮುಂದಿದ್ದರು. ವಾರದ ನಂತರ ಮುಂದಿದ್ದದ್ದು ಪಾಠ ಮುಚ್ಚಿಟ್ಟು ನೆನಪಿಸಿಕೊಂಡು ಬರೆದವರು. ಯಂತ್ರವನ್ನು ಸಾರಾಂಶಕ್ಕೆ ಕೂರಿಸಿದರೆ ನೀವು ಮೊದಲ ಗುಂಪು, ಪ್ರಶ್ನೆ ಕೇಳಲು ಕೂರಿಸಿದರೆ ಎರಡನೆಯದು.

ರೆಕಾರ್ಡ್ ಮಾಡಿದ ಮಾತನ್ನು ಎಐಯಿಂದ ಅಕ್ಷರಕ್ಕೆ ಇಳಿಸುವವರು ಸಂಖ್ಯೆ ಮತ್ತು ಹೆಸರನ್ನು ಮೊದಲು ತಾಳೆ ನೋಡಿ. ಇಪ್ಪತ್ತು, ಎಪ್ಪತ್ತು ಎರಡಕ್ಕೂ ವ್ಯತ್ಯಾಸ ಮೊದಲ ಸ್ವರ ಒಂದೇ, ಗದ್ದಲದಲ್ಲಿ ಅದು ಕಳೆದುಹೋಗುತ್ತದೆ. ವಿಸ್ಪರ್‌ನಂಥ ಮಾಡೆಲ್ ಯಾರೂ ಮಾತಾಡದ ಕಡೆ ತಾನೇ ವಾಕ್ಯ ಸೇರಿಸುವುದುಂಟು, ಹಾಗಾಗಿ ತಾಳೆ ಮುಗಿಯುವವರೆಗೆ ಆಡಿಯೋ ಅಳಿಸಬೇಡಿ. ಪುಸ್ತಕದ ಪುಟದ ಫೋಟೋದಿಂದ ಅಕ್ಷರ ತೆಗೆದರೆ ಮ ಮತ್ತು ಯ, ಪ ಮತ್ತು ಷ ಅದಲುಬದಲಾಗುತ್ತವೆ. ಕನ್ನಡ ಅಂಕಿಯ ಸೊನ್ನೆಯೂ ಅನುಸ್ವಾರವೂ ನೋಡಲು ಒಂದೇ, ಹಳೆಯ ಪುಸ್ತಕದ ಇಸವಿಗಳನ್ನು ಕಣ್ಣಿಟ್ಟು ನೋಡಿ.

ಹಳೆಯ ನುಡಿ, ಬರಹ ಫೈಲುಗಳನ್ನು ಹಾಗೇ ಕೊಟ್ಟು "ಎಐಗೆ ಕನ್ನಡ ಬರಲ್ಲ" ಎಂದು ಬೈಯಬೇಡಿ. ಯೂನಿಕೋಡ್‌ಗೆ ಮುಂಚಿನ ಆ ಫಾಂಟುಗಳಲ್ಲಿ ಫೈಲಿನೊಳಗೆ ಇರುವುದು ಟೊಪ್ಪಿ ಹಾಕಿದ ರೋಮನ್ ಅಕ್ಷರಗಳು, ಕನ್ನಡ ಇರುವುದು ಫಾಂಟಿನ ಚಿತ್ರದಲ್ಲಿ ಮಾತ್ರ. ಮೊದಲು ಪರಿವರ್ತಕದಲ್ಲಿ ಯೂನಿಕೋಡ್ ಮಾಡಿ, ಅರ್ಕಾವತ್ತು ಮತ್ತು ಒತ್ತಕ್ಷರ ಸರಿ ಕೂತಿವೆಯೇ ಎಂದು ಎರಡು ಪುಟ ಓದಿ ನೋಡಿ, ಆಮೇಲೆ ಕೊಡಿ.

ಮನೆಯವರ ಲ್ಯಾಬ್ ರಿಪೋರ್ಟ್, ಆಧಾರ್ ಸಂಖ್ಯೆ, ಬೇರೆಯವರು ನಂಬಿ ಹೇಳಿದ ಮಾತು, ಇವು ಆನ್‌ಲೈನ್ ಚಾಟ್‌ಗೆ ಹೋಗಕೂಡದು. ಅವನ್ನು ಎಐಗೆ ಕೊಡಲೇಬೇಕಾದ ಕೆಲಸವಿದ್ದರೆ ಒಲ್ಲಾಮಾ ಎಂಬ ತಂತ್ರಾಂಶದಲ್ಲಿ ನಿಮ್ಮ ಲ್ಯಾಪ್‌ಟಾಪಿನಲ್ಲೇ ಓಡುವ ಮಾಡೆಲ್ ಇದೆ. 7-8 ಬಿಲಿಯನ್ ಪ್ಯಾರಾಮೀಟರಿನದನ್ನು (ಮಾಡೆಲ್ ಎಷ್ಟು ದೊಡ್ಡದು ಎಂಬ ಲೆಕ್ಕ ಅದು) ಕುಗ್ಗಿಸಿ 4 ಬಿಟ್‌ಗೆ ಇಳಿಸಿದರೆ ಸುಮಾರು 5 ಜಿಬಿ, 16 ಜಿಬಿ ರ‍್ಯಾಮ್ ಇದ್ದರೆ ನಡೆಯುತ್ತದೆ. ಇಷ್ಟು ಸಣ್ಣ ಮಾಡೆಲ್‌ಗಳ ಕನ್ನಡ ಇನ್ನೂ ತೊದಲು, ಪ್ರಶ್ನೋತ್ತರಕ್ಕೆ ಅವನ್ನು ಹೆಚ್ಚು ನೆಚ್ಚಬೇಡಿ.

ಈಗ ಯಾವ ಆಪ್. ಟಿಪ್ಪಣಿಗೆ ಅಬ್ಸಿಡಿಯನ್, ಏಕೆಂದರೆ ಅದರ ಫೋಲ್ಡರನ್ನು ಪೆನ್‌ಡ್ರೈವ್‌ಗೆ ಹಾಕಿಕೊಂಡು ಬೇರೆ ಕಂಪ್ಯೂಟರಿನಲ್ಲಿ ನೋಟ್‌ಪ್ಯಾಡಿನಲ್ಲೇ ತೆರೆದು ಓದಬಹುದು. ಈ ಪರೀಕ್ಷೆ ಪಾಸಾಗುವ ಬೇರೆ ಆಪ್ ಇದ್ದರೆ ಅದೂ ಆದೀತು. ಒಂದು ವಿಷಯದ ಪಿಡಿಎಫ್‌ಗಳನ್ನು ಒಟ್ಟಿಗೆ ಇಟ್ಟುಕೊಂಡು ಕೇಳಲು ಗೂಗಲ್‌ನ ನೋಟ್‌ಬುಕ್‌ಎಲ್‌ಎಂ, ಉತ್ತರದ ಪಕ್ಕ ಆಕರದ ಸಂಖ್ಯೆ ಕೊಡುತ್ತದೆ ಎಂಬ ಕಾರಣಕ್ಕೆ. ಆ ಸಂಖ್ಯೆ ಒತ್ತಿ ಮೂಲದ ಸಾಲು ಓದುವ ತಾಳ್ಮೆ ಇಲ್ಲದಿದ್ದರೆ ಯಾವ ಆಪ್ ಆದರೂ ಒಂದೇ.

ಇನ್ನೂ "ಹಾಕಿಬಿಟ್ರೆ" ಅನ್ನುವವರು ಇವತ್ತು ರಾತ್ರಿ ತಮ್ಮದೊಂದು ಹಳೆಯ ಟಿಪ್ಪಣಿ ಮತ್ತು ಅದರ ಮೂಲ ತೆಗೆದುಕೊಂಡು, ಮೇಲೆ ಕೊಟ್ಟ ಹೋಲಿಕೆಯ ಮಾತನ್ನು ಹಾಗೇ ಟೈಪ್ ಮಾಡಲಿ. ಏನೇನು ಬಿಟ್ಟುಹೋಗಿತ್ತು ಎಂಬ ಪಟ್ಟಿ ಹಿಡಿದುಕೊಂಡು ಬಂದರೆ ಎಷ್ಟು ಹೊತ್ತು ಬೇಕಾದರೂ ಕೂತು ಮಾತಾಡೋಣ.